ಫಟಫಟಿಯ ಸದ್ದು

ಭಾಲ್ಕಿ, ನವೆಂಬರ್ ೧೯೪೮

ಗೆಳೆಯ ಶರಫೋದ್ದೀನನಿಗೆ ಬಕ್ಕಪ್ಪನ ಶರಣು.

ನೀನು ಎಲ್ಲಿದ್ದೀಯೋ ತಿಳಿಯದೆ ಇದನ್ನು ಹೈದರಾಬಾದಿನ ನಿನ್ನ ಮಾವನ ವಿಳಾಸಕ್ಕೆ ಹಾಕುತ್ತಿದ್ದೇನೆ.

ಸೆಪ್ಟೆಂಬರಿನಲ್ಲಿ ನಿಜಾಮನ ಮೇಲೆ ಸೈನ್ಯ ಬಂದ ಪೊಲೀಸ್ ಆ್ಯಕ್ಷನ್ನಿನ ಗದ್ದಲದಲ್ಲಿ ನಿನ್ನ ತಾಯಿಯನ್ನು ಕರೆತರಲು, ನೀನು ಬಿಟ್ಟುಹೋದ ಮೋಟಾರ್ ಸೈಕಲ್ಲು, ಅದೇ ನಿನ್ನ ಫಟಫಟಿ, ಹತ್ತಿ ಸಂತಪುರಕ್ಕೆ ಹೋಗಿದ್ದೆ. ಅದರ ಸದ್ದನ್ನು ಊರವರು ಬಂದೂಕಿನದೆಂದು ತಿಳಿದು ದಾರಿಗೆ ಬಂಡಿ ಅಡ್ಡ ಹಾಕಿದರು. ಬಿದ್ದೆ. ಕಾಲು ಮುರಿಯಿತು, ಹ್ಯಾಂಡಲ್ ಸೊಟ್ಟಗಾಯಿತು. ನಿನ್ನ ತಾಯಿ ಚಾಂದಬೀ ಅಮ್ಮ ಮಾತ್ರ "ಗೋಲಿ ಅಲ್ರೋ, ನನ್ನ ಮಗನ ಫಟಫಟಿ ಅದ!" ಎನ್ನುತ್ತ ಓಡಿ ಬಂದರು. ಬಿದ್ದವನು ನಾನೆಂದು ಕಂಡು, ನೀನೂ ಇದ್ದೀಯೇನೋ ಎಂದು ನನ್ನ ಹಿಂದಿನ ದಾರಿಯನ್ನೆಲ್ಲ ನೋಡಿದರು. ಆಮೇಲೆ ಅದೇ ಬಂಡಿಯಲ್ಲಿ ನನ್ನನ್ನೂ ಫಟಫಟಿಯನ್ನೂ ಹೇರಿಸಿಕೊಂಡು ನಮ್ಮ ಮನೆಗೆ ಬಂದರು. ಈಗಲೂ ಇಲ್ಲೇ ಇದ್ದಾರೆ.

ಕಾಲಿಗೆ ಕಟ್ಟಿದ ಬಿದಿರಿನ ದಬ್ಬೆ ಬಿಚ್ಚಿಯಾಯಿತು. ಮಲಗಿ ಮಲಗಿ ತಲೆ ಕೆಟ್ಟಿದೆ. ಎದ್ದರೆ ಸಾಕು, "ಸುಮ್ನ ಮಲಕೋ, ಇಲ್ಲಾಂದ್ರ ಇನ್ನೊಂದು ಕಾಲೂ ಮುರೀತೇನಿ" ಎಂದು ನಿನ್ನ ತಾಯಿ ಬೈಯುತ್ತಾರೆ.

ಹ್ಯಾಂಡಲ್ ನೆಟ್ಟಗಾಗಿದೆ. ಕಿಕ್ ಹೊಡೆಯಲು ಕಾಲು ತುಡಿಯುತ್ತದೆ. ಆದರೆ ಹೊಡೆಯಲಾರೆ. ಸದ್ದು ಕೇಳಿದರೆ ನೀನೇ ಬಂದೆಯೆಂದು ಅಮ್ಮ ಮತ್ತೆ ಓಡಿ ಬರುತ್ತಾರೆ, ಮತ್ತೆ ನನ್ನನ್ನೇ ನೋಡುತ್ತಾರೆ.

ಬೇಗ ಬಾ. ನೀನೇ ಕಿಕ್ ಹೊಡೆ.

ಅಂಗಳ ಬಿಟ್ಟು ಕದಲಲಾಗದ,
ಬಕ್ಕಪ್ಪ