ಮುಂದಿನ ಸ್ಟಾಪಿನಲ್ಲಿ ಹತ್ತೋಣ

ಅಂಗಡಿಯಿಂದ,
ತಾರೀಖು ಹದಿನಾಲ್ಕು, ಸೋಮವಾರ

ನನ್ನ ಮುದ್ದು ಕಡ್ಡಿಗೆ,

ನಿನ್ನ ಮಾವನ ಆಶೀರ್ವಾದಗಳು. ಈ ಭೂಮಿಯ ಮೇಲೆ ಹಾರುವ ವಿಮಾನಗಳಲ್ಲಿ ಅರ್ಧದಷ್ಟು ನನ್ನನ್ನು ಒಂದು ಮಾತು ಕೇಳಿಯೇ ನೆಲ ಬಿಡುತ್ತವೆ ಎಂಬುದು ನಿನಗೆ ಗೊತ್ತೇ ಇದೆ. ಮಿಕ್ಕ ಅರ್ಧವನ್ನು ನಾನೇ ಬೇಡ ಎಂದು ಬಿಟ್ಟಿದ್ದೇನೆ. ಒಬ್ಬನೇ ಎಷ್ಟೂಂತ ನೋಡಿಕೊಳ್ಳಲಿ?

ಓದಿ ನಕ್ಕೆಯಾ? ಒಂದಿಷ್ಟಾದರೂ ನಕ್ಕಿರು. ಇದರ ಮುಂದೆ ನಗುವಂಥದ್ದು ಹೆಚ್ಚಿಲ್ಲ.

ಫೋನಿದ್ದೂ ಮಾವ ಯಾಕೆ ಕಾಗದ ಬರೆದ ಎಂದು ನಿನಗೆ ಅನಿಸಬಹುದು. ಫೋನಿನಲ್ಲಿ ಅಮ್ಮನ ಹೆಸರೆತ್ತಿದರೆ ನೀನು, "ಮಾವ, ಅವಳ ಸುದ್ದಿ ಬಿಟ್ಟು ಬೇರೆ ಏನಾದ್ರೂ ಹೇಳು," ಎನ್ನುತ್ತೀಯ. ನಾನು ಬೇರೆ ಏನನ್ನೋ ಹೇಳಿ, ನಿನ್ನನ್ನು ನಗಿಸಿ, ಫೋನಿಟ್ಟು ಹಣೆ ಚಚ್ಚಿಕೊಳ್ಳುತ್ತೇನೆ. ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ ಕಣೇ. ತೆರೆದರೆ ಸಾಕು, ತನ್ನ ಪಾಡಿಗೆ ತಾನು ಜಂಬ ಕೊಚ್ಚಲು ಶುರು ಮಾಡುತ್ತದೆ. ಕೈ ಅಷ್ಟು ಜಾಣ ಅಲ್ಲ. ಊರ ಶಾಲೆಯಲ್ಲಿ ಏಳನೇ ಕ್ಲಾಸಿನ ತನಕ ಬೆತ್ತದ ಏಟು ತಿಂದು ಕಲಿತ ಕೈ ಇದು, ಸುಳ್ಳು ಬರೆಯಬೇಕಾದರೆ ನಡುಗುತ್ತದೆ. ಅದಕ್ಕೇ ಕಾಗದ.

ನೀನು ಸಿಟ್ಟಾಗಿರುವುದು ಒಂದೇ ಕಾರಣಕ್ಕೆ. ಅಪ್ಪ ಸಮುದ್ರದಾಚೆ ನಿಮ್ಮೂರಿನ ಆಸ್ಪತ್ರೆಯಲ್ಲಿ ಮಲಗಿ, ಅಮ್ಮ ಬರುತ್ತಾಳಾ ಎಂದು ಕೇಳುತ್ತಿದ್ದರು. ಟಿಕೆಟ್ಟೂ ಆಗಿತ್ತು. ಆದರೂ ಅಮ್ಮ ಹೊರಡಲಿಲ್ಲ. ಹಳೇ ಹಗೆ ಇಟ್ಟುಕೊಂಡು, ಸಾಯುವ ಗಂಡನ ಮುಖ ನೋಡಲಿಲ್ಲ. ಇದು ತಾನೇ ನಿನಗೆ ಗೊತ್ತಿರುವುದು?

ಅದು ಹಾಗಲ್ಲ.

ಎಲ್ಲಿಂದ ಶುರು ಮಾಡಲಿ? ಟಿಕೆಟ್ ಮಾಡಿದ ದಿನದಿಂದ ಮಾಡುತ್ತೇನೆ, ಅಲ್ಲಿಯ ತನಕ ನಾನು ಒಳ್ಳೆಯವನೇ. ನಮ್ಮ ಅಂಗಡಿ ನಿನಗೆ ನೆನಪಿದೆಯಲ್ಲ? ಒಂದು ಮೂಲೆಯಲ್ಲಿ ಜೆರಾಕ್ಸ್ ಮೆಷಿನ್, ಒಂದು ಮೂಲೆಯಲ್ಲಿ ಬಸ್ ಬುಕ್ಕಿಂಗ್ ಕಂಪ್ಯೂಟರ್, ಹೊರಗೆ "ದೇಶ ವಿದೇಶದ ವಿಮಾನ ಟಿಕೆಟ್ ಇಲ್ಲಿ ಸಿಗುತ್ತದೆ" ಎಂಬ ಬೋರ್ಡು. ಬೋರ್ಡಿನ ವಿಮಾನ ಮೀನಿನ ಹಾಗಿದೆ ಎಂದು ನೀನು ಸಣ್ಣವಳಿದ್ದಾಗ ಹೇಳಿದ್ದಕ್ಕೆ ನಾನು ಒಂದು ವಾರ ಮಾತು ಬಿಟ್ಟಿದ್ದೆ. ಪೇಟೆಯವರೆಲ್ಲ ನನ್ನನ್ನು ಕ್ಯಾಪ್ಟನ್ ಅಂತಲೇ ಕರೆಯುವುದು. ಆದರೆ ಕಡ್ಡಿ, ಇಷ್ಟು ವರ್ಷ ನಾನು ಮಾರಿದ್ದು ಬಸ್ಸಿನ ಟಿಕೆಟ್ಟು. ವಿಮಾನ ಕೇಳಿಕೊಂಡು ಬಂದವರನ್ನು ಪಕ್ಕದ ಬೀದಿಯ ಏಜೆನ್ಸಿಗೆ ಕಳಿಸಿ ಕಮಿಷನ್ ತೆಗೆದುಕೊಳ್ಳುತ್ತಿದ್ದೆ. ನಾನು ವಿಮಾನದ ಒಳಗನ್ನು ನೋಡಿದ್ದು ಪೋಸ್ಟರಿನಲ್ಲಿ ಮಾತ್ರ.

ಅಪ್ಪ ಆಸ್ಪತ್ರೆ ಸೇರಿದರೆಂದು ನಿನ್ನ ಫೋನ್ ಬಂದ ಮೇಲೆ ನಿನ್ನ ಅಮ್ಮನಿಗೆ, ನನ್ನ ಅಕ್ಕನಿಗೆ, ಕೆಲವು ದಿನ ಒಂದೇ ಕೆಲಸ. ಹೊಲಿಗೆ ಮೆಷಿನ್ ಮುಂದೆ ಕೂತು ಒಂದೇ ಹೊಲಿಗೆಯನ್ನು ಹಾಕುವುದು, ಬಿಚ್ಚುವುದು, ಹಾಕುವುದು. ಒಂದು ಬೆಳಗ್ಗೆ ಸೀದಾ ಅಂಗಡಿಗೆ ಬಂದು, ಬಸ್ ಟಿಕೆಟ್ಟಿಗೆ ನಿಂತಿದ್ದವರ ಮುಂದೆಯೇ, "ಲೋ, ನನಗೊಂದು ಟಿಕೆಟ್ ಮಾಡು. ನೀನೂ ಬಾ ಜೊತೆಗೆ. ಒಬ್ಬಳೇ ಹೋಗೋಕೆ ನನಗೆ ಧೈರ್ಯ ಇಲ್ಲ," ಎಂದಳು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಮನಸ್ಸು ಬದಲಾಯಿಸಿಬಿಡುತ್ತಾಳೆ ಎಂಬ ಹೆದರಿಕೆ.

ಮಾರನೇ ದಿನ ಅಂಗಡಿ ಬಾಗಿಲು ಅರ್ಧ ಎಳೆದು ಕೂತೆ. ನಮ್ಮೂರಿನ ಪುಟ್ಟ ನಿಲ್ದಾಣದಿಂದ ರಾಜಧಾನಿಗೆ ಒಂದು ಸಣ್ಣ ವಿಮಾನ. ರಾಜಧಾನಿಯಿಂದ ಸಮುದ್ರ ದಾಟುವ ದೊಡ್ಡದು. ನಡುವೆ ಒಂದು ಕಡೆ ಇಳಿದು ಇನ್ನೊಂದು. ನಿಮ್ಮ ದೇಶ ಮುಟ್ಟಿದ ಮೇಲೆ ನಿಮ್ಮ ಬಂದರಿನ ಊರಿಗೆ ಮತ್ತೊಂದು ಸಣ್ಣದು. ನಾಲ್ಕನ್ನೂ ಬಿಡಿಬಿಡಿಯಾಗಿ ಮಾಡಿದರೆ ಒಂದಿಷ್ಟು ಅಗ್ಗ. ಆದರೆ ಅಲ್ಲಲ್ಲಿ ಇಳಿದು ಪೆಟ್ಟಿಗೆ ಎತ್ತಿ, ಮತ್ತೆ ಸಾಲಲ್ಲಿ ನಿಂತು ಅದನ್ನು ಕೊಡಬೇಕು. ಅಕ್ಕನ ಕಾಲು ಊದುತ್ತದೆ. ಅದಕ್ಕೆ ನಾಲ್ಕನ್ನೂ ಒಂದೇ ಟಿಕೆಟ್ಟಿನಲ್ಲಿ ಪೋಣಿಸಿದೆ. ಇಲ್ಲಿ ಕೊಟ್ಟ ಪೆಟ್ಟಿಗೆ ಸೀದಾ ನಿಮ್ಮೂರಿನಲ್ಲೇ ಕೈಗೆ. ಅಕ್ಕನಿಗೆ ಕಿಟಕಿ ಸೀಟು, ಖಾರವಿಲ್ಲದ ಊಟ, ಎಲ್ಲವನ್ನೂ ಒತ್ತಿದೆ. ಪಕ್ಕದ ಬೀದಿಯ ಏಜೆನ್ಸಿಯವನೇ ಬಂದು ನೋಡಿ, "ಕ್ಯಾಪ್ಟನ್, ಬಹಳ ನೀಟಾಗಿ ಮಾಡಿದೀರಿ," ಎಂದ. ಇದು ಸುಳ್ಳಲ್ಲ, ಬೇಕಾದರೆ ಅವನನ್ನೇ ಕೇಳು.

ದುಡ್ಡು ಯಾರದ್ದು ಎಂದು ಎಲ್ಲರೂ ಕೇಳಿದರು. "ನನ್ನ ಅಕ್ಕ, ನನ್ನ ದುಡ್ಡು," ಎಂದೆ. ನೀನೂ ಆವತ್ತು ಫೋನಿನಲ್ಲಿ ಅತ್ತುಬಿಟ್ಟೆ. "ಮಾವ, ನಿನ್ನ ಋಣ ತೀರ್ಸಕ್ಕಾಗಲ್ಲ," ಎಂದೆ.

ಸರಿ, ಹೊರಟ ದಿನಕ್ಕೆ, ಆ ಮಂಗಳವಾರಕ್ಕೆ ಬರುತ್ತೇನೆ. ನಮ್ಮೂರಿನ ವಿಮಾನ ಬೆಳಗ್ಗೆ ಏಳಕ್ಕೆ. ರಾಜಧಾನಿಯ ದೊಡ್ಡ ವಿಮಾನ ರಾತ್ರಿ ಹತ್ತಕ್ಕೆ. ಆ ಬೆಳಗಿನ ವಿಮಾನ ನಮಗೆ ಸಿಗಲಿಲ್ಲ. ದಾರಿಯಲ್ಲಿ ಲಾರಿಯೊಂದು ಅಡ್ಡ ಬಿದ್ದಿತ್ತು.

ನೋಡಿದೆಯಾ, ಕೈ ಕೂಡ ಕಲಿತುಬಿಟ್ಟಿದೆ! ಯಾವ ಲಾರಿಯೂ ಬಿದ್ದಿರಲಿಲ್ಲ. ಮೇಲಿನ ಸಾಲನ್ನು ಹೊಡೆದು ಹಾಕುವುದಿಲ್ಲ, ಹಾಗೇ ಇರಲಿ. ನಿನ್ನ ಮಾವ ಎಂಥವನು ಎಂದು ನಿನಗೆ ತಿಳಿಯಬೇಕು.

ಆ ವಿಮಾನವನ್ನು ನಾನೇ ಬಿಟ್ಟೆ. ಬೇಕೆಂದೇ ಬಿಟ್ಟೆ. ಕ್ಯಾಪ್ಟನ್ ಕೊನೆಗೂ ಹಾರುತ್ತಾನೆ ಎಂದು ಪೇಟೆಯವರೆಲ್ಲ ಕುಣಿಯುತ್ತಿದ್ದರು. ಬೇಕರಿಯವನು, ಪಂಕ್ಚರ್ ಅಂಗಡಿಯವನು, ಔಷಧಿ ಅಂಗಡಿಯ ಕನ್ನಡಕದವನು, ಎಲ್ಲರೂ ಸೇರಿ ನನ್ನ ಬೋರ್ಡಿನ ಕೆಳಗೆ ಒಂದು ಫೋಟೊ ತೆಗೆಸಬೇಕು ಎಂದರು. ಸ್ಟುಡಿಯೊದವನೋ ಒಂಬತ್ತರ ಮುಂಚೆ ಬಾಗಿಲು ತೆಗೆಯುವವನಲ್ಲ. ನಾನು ಯೋಚಿಸಿದೆ: ಏಳಕ್ಕೆ ಹೋಗಿ ಅಲ್ಲಿ ಇಡೀ ದಿನ ಕುರ್ಚಿ ಕಾಯುವುದು ಯಾಕೆ? ಬೇಕರಿಯವನ ವ್ಯಾನು ರಾಜಧಾನಿಗೆ ಹೇಗೂ ಹೋಗುತ್ತದೆ, ಫೋಟೊ ತೆಗೆಸಿಕೊಂಡು ಆರಾಮವಾಗಿ ಹೊರಟರೆ ಸಂಜೆ ಆರಕ್ಕೆಲ್ಲ ಅಲ್ಲಿರುತ್ತೇವೆ.

ಅಕ್ಕ ಕೇಳಿದಳು. ಅವಳಿಗೆ ಬುದ್ಧಿಯಿತ್ತು. "ಒಂದನ್ನ ಬಿಟ್ರೆ ಆಗುತ್ತೇನೋ? ಆ ಏಜೆನ್ಸಿಯವರನ್ನ ಒಂದು ಮಾತು ಕೇಳೋ."

"ಅಕ್ಕಾ, ನೀನು ಯಾರ ಹತ್ರ ಮಾತಾಡ್ತಿದೀಯ ಗೊತ್ತಾ?" ಎಂದೆ. "ದುಡ್ಡು ಪೂರ್ತಿ ಕೊಟ್ಟಿದೀವಿ. ಸೀಟು ನಮ್ದು. ಮುಂದಿನ ಸ್ಟಾಪಿನಲ್ಲಿ ಹತ್ತೋಣ."

ಬಸ್ಸಿನಲ್ಲಿ ಹಾಗೇ ಅಲ್ಲವೇನೇ? ಹತ್ತುವ ಜಾಗ ತಪ್ಪಿದರೆ ಮುಂದಿನ ಊರಿನಲ್ಲಿ ನಿಂತು ಕೈ ಅಡ್ಡ ಹಾಕುತ್ತಾರೆ. ಕಂಡಕ್ಟರ್ ಎರಡು ಬೈಗುಳ ಬೈದು ಸೀಟು ತೋರಿಸುತ್ತಾನೆ. ಎಷ್ಟು ಜನಕ್ಕೆ ನಾನೇ ಹಾಗೆ ಹೇಳಿ ಕಳಿಸಿದ್ದೇನೆ, ಒಬ್ಬರಾದರೂ ಸೀಟು ಸಿಗಲಿಲ್ಲ ಎಂದು ವಾಪಸ್ ಬಂದಿಲ್ಲ. ಮೊದಲ ವಿಮಾನ ಹತ್ತದಿದ್ದರೆ, ಅದೇ ಟಿಕೆಟ್ಟಿನಲ್ಲಿ ಪೋಣಿಸಿದ ಮಿಕ್ಕ ಮೂರೂ ತಾವಾಗಿಯೇ ರದ್ದಾಗುತ್ತವೆ ಎಂದು ನನಗೆ ಗೊತ್ತಿರಲಿಲ್ಲ. ನಾಲ್ಕನ್ನೂ ಬಿಡಿಬಿಡಿಯಾಗಿ ಮಾಡಿದ್ದರೆ ಏನೂ ಆಗುತ್ತಿರಲಿಲ್ಲವಂತೆ. ಅಕ್ಕನ ಕಾಲು ನೋಯಬಾರದು ಎಂದು ಪೋಣಿಸಿದ್ದೇ ಅವಳ ಕಾಲು ಕಟ್ಟಿಹಾಕಿತು.

ಫೋಟೊ ಚೆನ್ನಾಗಿ ಬಂದಿದೆ. ನಾನು ಕಪ್ಪು ಕನ್ನಡಕ ಹಾಕಿದ್ದೇನೆ. ಅಕ್ಕ ಒಬ್ಬಳೇ ಕ್ಯಾಮರಾ ನೋಡುತ್ತಿಲ್ಲ, ರಸ್ತೆ ನೋಡುತ್ತಿದ್ದಾಳೆ.

ವ್ಯಾನಿನಲ್ಲಿ ಬ್ರೆಡ್ ಟ್ರೇಗಳ ಪಕ್ಕ ಕೂತು ಅಕ್ಕ, "ಲೋ, ಅವರನ್ನ ಮೊದಲು ಏನಂತ ಮಾತಾಡ್ಸೋದು?" ಎಂದು ಕೇಳಿದಳು. "ಚೆನ್ನಾಗಿದೀರಾ ಅಂತ ಕೇಳು," ಎಂದೆ. "ಆ ಸ್ಥಿತೀಲಿ ಇರೋರನ್ನ ಯಾರಾದ್ರೂ ಹಾಗೆ ಕೇಳ್ತಾರೇನೋ, ಹುಚ್ಚ? ಕೇಳಿದ್ರೆ ನಗ್ತಾರೆ," ಎಂದು ತಾನೇ ನಕ್ಕಳು. ಇಬ್ಬರೂ ದೂರವಾದ ಈ ಹದಿನೇಳು ವರ್ಷದಲ್ಲಿ ಭಾವನ ಮಾತೆತ್ತಿ ಅವಳು ನಕ್ಕದ್ದನ್ನು ನಾನು ನೋಡಿಯೇ ಇರಲಿಲ್ಲ. ಇನ್ನೂ ಒಂದಷ್ಟು ದಾರಿ ಹೋದ ಮೇಲೆ ಅವಳೇ, "ಊಟ ಆಯ್ತಾ ಅಂತೀನಿ. ಅದೇ ಸರಿ. ಜಗಳ ಆಡಿದ ಮಾರನೇ ದಿನ ಯಾವಾಗ್ಲೂ ನಾನು ಹಾಗೇ ಶುರು ಮಾಡ್ತಿದ್ದಿದ್ದು," ಎಂದಳು. ಆಮೇಲೆ ಕಿಟಕಿ ಕಡೆ ತಿರುಗಿ ಒಂದೆರಡು ಸಲ ತುಟಿ ಅಲ್ಲಾಡಿಸಿ ನೋಡಿಕೊಂಡಳು.

ಹೊರಡುವ ಮನಸ್ಸಿಲ್ಲದವಳು ಹೀಗೆ ಮಾಡುತ್ತಾಳೇನೇ?

ರಾಜಧಾನಿಯ ನಿಲ್ದಾಣದಲ್ಲಿ ಕೌಂಟರಿನ ಹೆಂಗಸು ಒಳ್ಳೆಯವಳು. ಎರಡೆರಡು ಸಲ ಒತ್ತಿ ನೋಡಿದಳು. "ಸರ್, ನೀವು ಬೆಳಗಿನ ಫ್ಲೈಟ್ ಹತ್ತಿಲ್ಲ ಅಲ್ವಾ?" ಎಂದಳು. ಇಲ್ಲ ಎಂದೆ, ಜಂಬದಿಂದಲೇ. "ಹಾಗಾದ್ರೆ ಇದು ಪೂರ್ತಿ ರದ್ದಾಗಿದೆ ಸರ್." ನಾನು ಬಸ್ಸಿನ ಕಾನೂನು ಎತ್ತಿದೆ. ದನಿ ಏರಿಸಿದೆ. "ನಾನೂ ಇದೇ ಫೀಲ್ಡ್‌ನವನು," ಎಂದೆ. ಹಿಂದೆ ನಿಂತಿದ್ದ ಕೋಟಿನವನೊಬ್ಬ, "ಯಜಮಾನ್ರೇ, ಇದು ಸಿಟಿ ಬಸ್ಸಲ್ಲ," ಎಂದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಅಕ್ಕ ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು. ಬೈಯಲಿಲ್ಲ ಕಣೇ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಹಣದ ವಿಷಯ ಬಿಡು, ಏನೋ ಹತ್ತಿಪ್ಪತ್ತು ಸಾವಿರ ಹೋಗಿರಬಹುದು, ನಿನ್ನ ಮಾವನಿಗೆ ಅದು ಯಾವ ಲೆಕ್ಕ? ಹೊಸ ಟಿಕೆಟ್ಟಿಗೆ ಪೇಟೆಯವರಿಗೆಲ್ಲ ಫೋನ್ ಮಾಡಿದೆ. ಫೋಟೊದಲ್ಲಿ ನನ್ನ ಹೆಗಲ ಮೇಲೆ ಕೈ ಹಾಕಿದ್ದವರೇ ಅವರು. ಪಾಪ, ಕೂಡಿಸಿ ಕಳಿಸುತ್ತೇವೆ ಎಂದರು. ಆದರೆ ಸೀಟಿದ್ದದ್ದು ಶುಕ್ರವಾರಕ್ಕೆ. ನಿಲ್ದಾಣದ ಹತ್ತಿರದ ಒಂದು ಲಾಡ್ಜಿನಲ್ಲಿ ಮಲಗಿ, ಹಗಲೆಲ್ಲ ನಿಲ್ದಾಣದಲ್ಲೇ ಕೂರುತ್ತಿದ್ದೆವು. ಯಾರಾದರೂ ಬರದೇ ಹೋಗಿ ಸೀಟು ಖಾಲಿಯಾದರೆ ಎಂದು ಆಸೆ. "ಹವಾಮಾನ ಕೆಟ್ಟಿದೆ, ವಿಮಾನ ತಡ" ಎಂದು ನಿನಗೆ ಸಂದೇಶ ಕಳಿಸಿದವನು ನಾನು. ಅಕ್ಕನ ಫೋನಿನಿಂದ, ಅವಳಿಗೆ ಹೇಳದೆ ಕಳಿಸಿದೆ.

ಗುರುವಾರ ಬೆಳಗ್ಗೆ ನಾವು ನಿನ್ನ ಎದುರಿಗಿರಬೇಕಾಗಿತ್ತು. ಗುರುವಾರ ಸಂಜೆ ಭಾವ ಹೋದರು.

ನೀನು ಫೋನ್ ಮಾಡಿದಾಗ ಅಕ್ಕ ನನ್ನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದಳು. ನಿನ್ನ ದನಿ ನನಗೂ ಕೇಳುತ್ತಿತ್ತು. "ಅಪ್ಪ ಹೋದ್ರು ಅಮ್ಮಾ. ಯಾವ ಫ್ಲೈಟೂ ತಡ ಆಗಿಲ್ಲ, ನಾನು ನೋಡ್ದೆ. ನಿಜ ಹೇಳು, ನೀನು ಹೊರಟಿದ್ಯಾ ಇಲ್ವಾ?" ಅಕ್ಕ ನನ್ನ ಮುಖ ನೋಡಿದಳು. ನಾನು ಎರಡೂ ಕೈ ಜೋಡಿಸಿದೆ, ಕಡ್ಡಿ. ಹೇಳಬೇಡ ಎಂದು ತಲೆ ಅಲ್ಲಾಡಿಸಿದೆ. ಗಂಡ ಸತ್ತ ಸುದ್ದಿ ಕಿವಿಯಲ್ಲಿರುವಾಗಲೇ ಅವಳು ನನಗಾಗಿ ಸುಳ್ಳು ಹೇಳಿದಳು: "ಇಲ್ಲ ಕಣೇ. ಹೊರಟಿಲ್ಲ. ಮನಸ್ಸು ಬರ್ಲಿಲ್ಲ."

ಅವಳು ಹಾಗೆ ಹೇಳುವಾಗ ಹಿಂದೆ ಮೈಕಿನಲ್ಲಿ ಯಾವುದೋ ವಿಮಾನದ ಹೆಸರು ಕೂಗುತ್ತಿದ್ದರು. ನಿನ್ನ ಅಳುವಿನಲ್ಲಿ ಅದು ನಿನಗೆ ಕೇಳಿಸಲಿಲ್ಲ. ಈಗಲಾದರೂ ನೆನಪು ಮಾಡಿಕೊಂಡು ನೋಡು. ಹೊಲಿಗೆ ಮೆಷಿನ್ ಇರುವ ಮನೆಯಲ್ಲಿ ಅಂಥ ಸದ್ದು ಎಲ್ಲಿಂದ ಬರಬೇಕು?

ವಾಪಸ್ ಬರುವ ಬಸ್ಸಿನಲ್ಲಿ, ಯಾಕಕ್ಕಾ ಹಾಗಂದೆ ಎಂದು ಕೇಳಿದೆ. "ಅವಳಿಗೆ ಅಪ್ಪ ಇಲ್ಲವಾದ್ರು. ನನ್ನ ಮೇಲೆ ಸಿಟ್ಟು ಮೊದಲಿಂದ್ಲೂ ಇದೆ, ಅದು ಅವಳಿಗೆ ಅಭ್ಯಾಸ. ಮಾವ ಒಬ್ಬನಾದ್ರೂ ಅವಳಿಗೆ ಉಳೀಲಿ," ಎಂದಳು.

ಈಗ ದಿನಾ ಮಧ್ಯಾಹ್ನ ನನ್ನ ಅಂಗಡಿಗೆ ಬರುತ್ತಾಳೆ. ಜೆರಾಕ್ಸ್ ಮಾಡಿಸಲು ಬಂದವರ ಕಾಗದ ಜೋಡಿಸಿ ಕೊಡುತ್ತಾಳೆ. ನನ್ನ ಫೋನು ಹೊಡೆದುಕೊಂಡರೆ ತಲೆ ಎತ್ತದೆ, "ಅವಳಾ?" ಎನ್ನುತ್ತಾಳೆ. ನಿನ್ನದಾದರೆ ಎದ್ದು ಹೊರಗೆ ಹೋಗಿ ಬೋರ್ಡಿನ ಕೆಳಗೆ ನಿಲ್ಲುತ್ತಾಳೆ, ನಾವಿಬ್ಬರೂ ಆರಾಮವಾಗಿ ಮಾತಾಡಲಿ ಎಂದು. ನಾನು ನಿನ್ನನ್ನು ನಗಿಸುವುದು ಅವಳಿಗೆ ಹೊರಗೆ ಕೇಳುತ್ತದೆ. ಒಳಗೆ ಬಂದು, "ನಕ್ಕಳಾ?" ಎಂದು ಕೇಳುತ್ತಾಳೆ. ಈ ಒಂದು ಮಾತು ನನ್ನನ್ನು ಕೊಂದು ಹಾಕುತ್ತಿದೆ ಕಣೇ.

ನನ್ನ ಮೇಲೆ ಸಿಟ್ಟಾಗು. ಎಷ್ಟು ವರ್ಷ ಬೇಕಾದರೂ ಆಗು. ಆದರೆ ಅಮ್ಮನಿಗೆ ಒಂದು ಫೋನ್ ಮಾಡು. ಕ್ಷಮೆ ಗಿಮೆ ಏನೂ ಕೇಳಬೇಡ, ಅವಳಿಗೆ ಅದೆಲ್ಲ ಮುಜುಗರ. ಭಾವನ ಕೊನೆಯ ದಿನಗಳು ಹೇಗಿದ್ದವು, ಏನು ತಿಂದರು, ಯಾವ ಕಡೆ ತಿರುಗಿ ಮಲಗುತ್ತಿದ್ದರು, ಅಷ್ಟು ಹೇಳು. ಅವಳಿಗೆ ಅದನ್ನು ಹೇಳುವವರು ಈ ಲೋಕದಲ್ಲಿ ನೀನೊಬ್ಬಳೇ.

ಇಂತಿ,
ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಓಡುತ್ತಿದ್ದ,
ಮಾವ

ತಾ. ಕ.: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿದ್ದೇನೆ. ಹತ್ತಿಪ್ಪತ್ತು ಸಾವಿರ ಎಂದು ಮೇಲೆ ಬರೆದದ್ದು ಸುಳ್ಳು. ನನ್ನ ದುಡ್ಡು ಎಂದು ಊರಿಗೆಲ್ಲ ಹೇಳಿದ್ದೂ ಸುಳ್ಳು. ಅಕ್ಕ ಟಿಕೆಟ್ ಕೇಳಿದ ದಿನವೇ ನಾನು ಆಸ್ಪತ್ರೆಗೆ ಫೋನ್ ಮಾಡಿ, "ಭಾವ, ಅಕ್ಕ ಒಪ್ಪಿದ್ಲು," ಎಂದು ಹೇಳಿದ್ದೆ. ಅವರು, "ಹಿಂದೆ ಎರಡು ಸಲ ಅವಳಿಗೆ ಟಿಕೆಟ್ಟಿನ ದುಡ್ಡು ಕಳಿಸಿದ್ದೆ ಕಣಯ್ಯಾ, ಎರಡು ಸಲವೂ ವಾಪಸ್ ಬಂತು. ಈ ಸಲ ನಿಂದು ಅಂತ ಹೇಳಿಬಿಡು. ನಂದು ಅಂತ ಗೊತ್ತಾದ್ರೆ ಅವಳು ಹತ್ತಲ್ಲ," ಎಂದರು. ವೆಲ್ಡಿಂಗ್ ಮಾಡಿ ಕಣ್ಣು, ಎದೆ ಎರಡನ್ನೂ ಸುಟ್ಟುಕೊಂಡು ಕೂಡಿಸಿದ್ದು, ಮಾರನೇ ದಿನವೇ ನನ್ನ ಖಾತೆಗೆ ಬಂತು. ಅಕ್ಕನಿಗೆ ಇದು ಇನ್ನೂ ಗೊತ್ತಿಲ್ಲ. ಹೇಳುವ ಮುಖ ನನಗಿಲ್ಲ, ನೀನೇ ಹೇಳು. ನಾನು ಕಳೆದದ್ದು ಮೂರು ಲಕ್ಷದ ಹನ್ನೆರಡು ಸಾವಿರದ ನಾನೂರು. ಅದರಲ್ಲಿ ಬಿಡಿಗಾಸೂ ನನ್ನದಲ್ಲ.