ಹತ್ತರ ಕಾರ್ಡು

ಮಾರ್ಚ್ 14, ಗುರುವಾರ

ಗಂಟಲಿನ ಆಪರೇಷನ್ನಿನಲ್ಲಿ ಅಮ್ಮನ ಧ್ವನಿ ಹೋಗುವ ಮುಂಚೆ ನಾನು ತೆಗೆದ ವಿಡಿಯೊ ತುಂಡುತುಂಡಾಗಿದ್ದೇಕೆಂದು ಇವತ್ತು ತಿಳಿಯಿತು.

ಕ್ಯಾಮೆರಾ ಅಂಗಡಿಯವರು ಮೆಮೊರಿ ಕಾರ್ಡನ್ನು ತಿರುಗಿಸಿ ನೋಡಿದರು. "128 ಜಿಬಿ, ಜಾಗವೇನೋ ಬೇಕಾದಷ್ಟಿದೆ. ಆದ್ರೆ ಬರ್ಕೊಳ್ಳೋ ಸ್ಪೀಡು ಸೆಕೆಂಡಿಗೆ ಬರೀ ಹತ್ತು ಎಂಬಿ. 4ಕೆ ವಿಡಿಯೊಗೆ ಮೂವತ್ತರದ್ದು ಬೇಕಿತ್ತು. ಬರ್ಕೊಳ್ಳೋಕಾಗ್ದೆ ನಿಂತ್ಹೋಗಿದೆ."

ದೊಡ್ಡ ಅಂಕಿಗೆ ಮರುಳಾಗಿ ಕೊಂಡವಳು ನಾನೇ. ಪಕ್ಕದ ಸಣ್ಣ ಅಂಕಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ.

"ನೀನು ಹುಟ್ಟಿದ್ ದಿನ ಏನಾಯ್ತು ಗೊತ್ತಾ..." ಎಂದು ಅಮ್ಮ ನಗುತ್ತಾಳೆ, ವಿಡಿಯೊ ನಿಲ್ಲುತ್ತದೆ. ಮತ್ತೆ ರೆಕಾರ್ಡಿಂಗ್ ಶುರುಮಾಡಿದಾಗಲೆಲ್ಲ ಮೊದಲು ಕೇಳುವುದು ನನ್ನ ಗದರಿಕೆ: "ಸ್ವಲ್ಪ ಸುಮ್ನಿರಮ್ಮಾ, ನಿಂತ್ಹೋಯ್ತು!" ಅವಳು ತಟ್ಟನೆ ಬಾಯಿ ಮುಚ್ಚಿಕೊಳ್ಳುತ್ತಾಳೆ.

ಪಕ್ಕದ ಕೋಣೆಯಲ್ಲಿ ಲೋಟಕ್ಕೆ ಚಮಚ ಬಡಿದ ಸದ್ದು. ಅಮ್ಮ ಈಗ ನನ್ನನ್ನು ಕರೆಯುವುದು ಹೀಗೆ. ಬಂದೆ ಅಮ್ಮಾ, ಬರೆಯುವುದು ಇಲ್ಲಿಗೇ ನಿಲ್ಲಲಿ.