ಮುದಕವ್ವ ತತ್ತಿ ಮಾರುವುದಿಲ್ಲ

ಅಂಬೇವಾಡಿ, ದಾಂಡೇಲಿ
೧೯ ಮೇ ೨೦೨೫, ಸೋಮವಾರ

ಪ್ರೀತಿಯ ಶೈಸ್ತಾ, ದುವಾ.

ಈ ಮನೆಯಲ್ಲಿ ಇಂದಿಗೆ ಸತತ ಒಂಬತ್ತನೇ ದಿನ ಮೀನಿನ ಸಾರು ಆಗಿದೆ ಎಂದು ಸಮಸ್ತರಿಗೂ ಈ ಮೂಲಕ ಘೋಷಿಸುತ್ತೇನೆ. ನಿನ್ನ ಕೆಮ್ಮು ಹೇಗಿದೆ? ಹಾಸ್ಟೆಲಿನಲ್ಲಿ ಬಿಸಿನೀರು ಬರುತ್ತಿದೆಯೆ? ನನ್ನ ಮೊಣಕಾಲು ಹಾಗೇ ಇದೆ. ನಿನ್ನ ಅಮ್ಮಿ ಗಟ್ಟಿಯಾಗಿದ್ದಾಳೆ, ಮೀನಿನ ಚೀಲ ಕಂಡರೆ ಮಾತ್ರ ಮಾತು ಬಿಡುತ್ತಾಳೆ.

ನೀನು ಹೇಳಿದ್ದು ಸುಲಭದ ಕೆಲಸ. ಬೆಳಿಗ್ಗೆ ಕೋಗಿಲಬನದ ಹೊಳೆದಂಡೆಗೆ ಹೋಗುವುದು, ಆಗಷ್ಟೇ ಹಿಡಿದ ಗೆಂಡೆ ಮೀನಿನ ಅಂಡಾಶಯ ತೆಗೆಸಿ ನೀ ಕೊಟ್ಟ ಔಷಧದ ಸೀಸೆಗೆ ಹಾಕುವುದು, ಬರ್ಫಿನ ಗಡ್ಡೆಗಳ ನಡುವೆ ಇಟ್ಟು ಧಾರವಾಡಕ್ಕೆ ಕಳಿಸುವುದು. ಮಳೆ ಹಿಡಿದರೆ ಮೀನು ತತ್ತಿ ಇಟ್ಟುಬಿಡುತ್ತವೆ, ನಿನ್ನ ಪಿಎಚ್‌ಡಿ ಇನ್ನೊಂದು ವರ್ಷ ಹಿಂದೆ ಬೀಳುತ್ತದೆ ಎಂಬುದೂ ಗೊತ್ತು. ಗೊತ್ತಿಲ್ಲದ್ದು ಒಂದೇ: ಮೀನು ಮಾರುವ ಮುದಕವ್ವ ತತ್ತಿ ಮಾರುವುದಿಲ್ಲ. ಬಲೆ ದಡಕ್ಕೆ ಬಂದದ್ದೇ ತಡ, ಅಂಡಾಶಯದ ಸಮೇತ ತತ್ತಿ ಅವಳ ಬೋಗುಣಿಗೆ, ಖಾಲಿ ಮೀನು ನನ್ನ ಚೀಲಕ್ಕೆ. "ತತ್ತಿ ಮನೀ ಹೆಣ್ಮಕ್ಕಳ ಪಾಲ್ರಿ, ಉಸ್ಮಾನಸಾಬ್ರ. ಸಂತಿಗೆ ಹೋಗಂಗಿಲ್ಲ." ಈ ವರ್ಷದ ಪಾಲು ಅವಳ ಏಳು ತಿಂಗಳ ಬಸುರಿ ಸೊಸೆ ಸಹನಾಳದು. ಪೇಟೆಯ ಮೀನು ನೋಡೋಣವೆಂದರೆ ಅದು ಸತ್ತು ಎರಡು ದಿನವಾಗಿರುತ್ತದೆ, ನಿನಗೆ ನಡೆಯದು.

ನಿನ್ನೆ ತಾಳ್ಮೆ ತಪ್ಪಿ ದಡದಲ್ಲೇ ಕೂತು ನಿನ್ನ ಸಂಶೋಧನೆಯನ್ನು ಬೋಧಿಸಿದೆ. ಅಂಡಾಶಯದೊಳಗೆ ಕೆಲವು ಪ್ರೋಟೀನುಗಳು ಡಿಎನ್‌ಎ ಹಿಡಿದು ಕೂತಿರುತ್ತವೆ, ಯಾವ ಜೀನು ಕೆಲಸಕ್ಕೆ ಏಳಬೇಕು, ಯಾವುದು ಮಲಗಿರಬೇಕು ಎಂದು ಹುಕುಮು ಮಾಡುವವು ಅವೇ, ಮಿಲ್ಲಿನ ಮುಕಾದಮನ ಹಾಗೆ. ಕೆಲವು ಜಾತಿಯ ಮೀನಿನಲ್ಲಿ ಅಂಥ ಒಬ್ಬ ಮುಕಾದಮನನ್ನು ತೆಗೆದರೆ ಹೆಣ್ಣು ಗಂಡಾಗಿಬಿಡುತ್ತದೆ ಎಂದೆ. ಮುದಕವ್ವ ಕತ್ತಿ ಕೆಳಗಿಟ್ಟು ಗಂಭೀರವಾಗಿ ಕೇಳಿದಳು: "ಅಂದ್ರ ಇದನ್ನ ತಿಂದ್ರ ನಮ್ಮ ಸಹನಾಗ ಹೆಣ್ಣ ಹುಟ್ಟತೈತೇನ್ರಿ? ಮನ್ಯಾಗ ಬರೇ ಗಂಡ್ಹುಡುಗ್ರ ಅದಾರ." ಹಾಗಲ್ಲವ್ವಾ ಎಂದು ಅರ್ಧ ತಾಸು ಹೇಳಿದೆ. ಇಂದು ಬೋಗುಣಿಗೆ ಮುಚ್ಚಳವೂ ಬಂದಿದೆ.

ಮೂವತ್ತು ವರ್ಷ ಕಾಗದದ ಮಿಲ್ಲಿನಲ್ಲಿ ದುಡಿದವನು ಒಂದು ಹಿಡಿ ತತ್ತಿಗೆ ಸೋತೆ. ಅಲ್ಲಾಹು ನಿನಗೆ ಆರೋಗ್ಯವನ್ನೂ ನನಗೆ ಒಂದು ದಿನ ಬೇಳೆಸಾರನ್ನೂ ಕೊಡಲಿ.

ನಿನ್ನ ಅಬ್ಬಾ,
ಉಸ್ಮಾನಸಾಬ

ತಾ.ಕ.: ಪತ್ರ ಅಂಟಿಸುವಷ್ಟರಲ್ಲಿ ಅಮ್ಮಿ ಕೋಗಿಲಬನದಿಂದ ಬಂದಳು. ಹೋದದ್ದೇ ನನಗೆ ಗೊತ್ತಿಲ್ಲ. "ನಮ್ಮ ಶೈಸ್ತಾನೂ ಮನೀ ಹೆಣ್ಮಗಳ. ಆಕಿ ಪಾಲ ಎಲ್ಲೈತಿ?" ಎಂದು ಮುದಕವ್ವನನ್ನು ಕೇಳಿದಳಂತೆ, ಅಷ್ಟೇ. ಶುಕ್ರವಾರ ಸಿಗುವ ಮೊದಲ ಮೀನಿನ ಎರಡು ಅಂಡಾಶಯಗಳಲ್ಲಿ ಒಂದು ನಿನಗೆ, ಒಂದು ಸಹನಾಳಿಗೆ. ಒಂದು ಸಾಕೆ? ಎಡದ್ದೋ ಬಲದ್ದೋ? ಗುರುವಾರದೊಳಗೆ ಫೋನು ಮಾಡಿ ಅಮ್ಮಿಗೆ ತಿಳಿಸು. ಈ ಖಾತೆ ಈಗ ನನ್ನ ಹತ್ತಿರ ಇಲ್ಲ.